ಒಬ್ಬಂಟಿ ಸಾಗರಯಾನ ಬೆಳೆದುಬಂದ ಬಗೆ

ಚಿಕ್ಕ ದೋಣಿಯೊಂದರಲ್ಲಿ ಒಬ್ಬರೇ ಕುಳಿತು ಮಹಾಸಾಗರವನ್ನು ದಾಟುವ ಸಾಹಸವು ಮನುಷ್ಯನ ನೌಕಾಯಾನದಷ್ಟು ಹಳೆಯದಲ್ಲ. ಸಾವಿರಾರು ವರ್ಷಗಳ ಕಾಲ ಕಡಲನ್ನು ದಾಟಿದವರೆಲ್ಲ ವ್ಯಾಪಾರಕ್ಕೋ ಮೀನಿಗೋ ಯುದ್ಧಕ್ಕೋ ಯಾತ್ರೆಗೋ ಗುಂಪಾಗಿ ಹೊರಟವರು. ಯಾವ ಸರಕನ್ನೂ ಹೇರದೆ, ದಾಟುವುದನ್ನೇ ಗುರಿಯಾಗಿಸಿಕೊಂಡು ಒಬ್ಬಂಟಿಯಾಗಿ ಹೊರಡುವ ರೂಢಿ ಮೂಡಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ. ಸುಮಾರು ನೂರೈವತ್ತು ವರ್ಷಗಳಲ್ಲಿ ಬೆಳೆದು ಕವಲೊಡೆದ ಆ ರೂಢಿ 2025ರ ಆರಂಭದಲ್ಲಿ ಕನ್ನಡದ ಮನೆಯೊಂದರ ಹೆಸರನ್ನೂ ತನ್ನ ದಾಖಲೆಗೆ ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಬ್ರಿಟನ್ನಿಗೆ ಹೋಗಿ ನೆಲೆಸಿದ ಅನನ್ಯಾ ಪ್ರಸಾದ್ ಅವರು ಹಾಯಿಯೂ ಎಂಜಿನ್ನೂ ಇಲ್ಲದ ದೋಣಿಯನ್ನು ಹುಟ್ಟು ಹಾಕುತ್ತಲೇ ಅಟ್ಲಾಂಟಿಕ್ ಮಹಾಸಾಗರದಾಚೆಗೆ ಕೊಂಡೊಯ್ದರು. ಇಂಥ ಯಾನವನ್ನು ಎದೆಗಾರಿಕೆಯೆಂದು ಮಾತ್ರ ಕೊಂಡಾಡುವುದು ಅರ್ಧ ಸತ್ಯ. ಗಾಳಿಯ ತಿಳಿವಳಿಕೆ, ದೋಣಿ ಕಟ್ಟುವ ಕಸುಬು, ದಡದಲ್ಲಿ ನಿಂತು ದುಡಿದವರ ಶ್ರಮ ಇವೆಲ್ಲ ತಲೆಮಾರುಗಳಿಂದ ಕೂಡಿಬಂದದ್ದರಿಂದಲೇ ಒಬ್ಬರು ಒಂಟಿಯಾಗಿ ಹೊರಡುವುದು ಸಾಧ್ಯವಾಗಿದೆ.

ಮೊದಲು ಗಾಳಿಯ ಮಾತು. ಸಮಭಾಜಕ ವೃತ್ತದ ಬಳಿ ಕಾದ ಗಾಳಿ ಮೇಲಕ್ಕೇರಿದಾಗ ತೆರವಾದ ಜಾಗಕ್ಕೆ ಉತ್ತರದಿಂದಲೂ ದಕ್ಷಿಣದಿಂದಲೂ ಗಾಳಿ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರವಾಗಿ ಬೀಸದೆ ಪಶ್ಚಿಮದ ಕಡೆಗೆ ವಾಲುತ್ತದೆ. ವರ್ಷದ ಬಹುಕಾಲ ಒಂದೇ ದಿಕ್ಕಿಗೆ ಬೀಸುವ ಈ ಗಾಳಿಗಳಿಗೆ ವಾಣಿಜ್ಯ ಮಾರುತಗಳೆಂದು ಹೆಸರು. ಆಫ್ರಿಕದ ವಾಯವ್ಯ ಕರಾವಳಿಯಾಚೆ ಇರುವ ಕ್ಯಾನರಿ ದ್ವೀಪಗಳಿಂದ ಹೊರಟ ದೋಣಿಯನ್ನು ಇವು ಕೆರಿಬಿಯನ್ ದ್ವೀಪಗಳತ್ತ ತಳ್ಳುತ್ತವೆ, ಸಾಗರದ ಪ್ರವಾಹವೂ ಅದೇ ದಿಕ್ಕಿಗೆ ಹರಿಯುತ್ತದೆ. 1492ರ ಸೆಪ್ಟೆಂಬರ್ 6ರಂದು ಕೊಲಂಬಸ್ ಲಾ ಗೊಮೆರಾ ದ್ವೀಪದಿಂದ ಹೊರಟದ್ದು ಈ ಗಾಳಿಯನ್ನೇ ನಂಬಿ, ಇಂದು ಹುಟ್ಟು ಹಾಕುವವರು ಹೊರಡುವುದೂ ಅದೇ ದ್ವೀಪದಿಂದ. ದಕ್ಷಿಣಾರ್ಧಗೋಳದ ವಾಣಿಜ್ಯ ಮಾರುತಗಳು ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಹಿಂದೂ ಮಹಾಸಾಗರದ ಮೇಲೆ ಸಮಭಾಜಕವನ್ನು ದಾಟಿ ದಿಕ್ಕು ಬದಲಿಸಿದಾಗ ನೈಋತ್ಯ ಮುಂಗಾರು ಹುಟ್ಟುತ್ತದೆ. ಆದ್ದರಿಂದ ಸಹ್ಯಾದ್ರಿಯನ್ನು ದಾಟುವ ಹೊತ್ತಿಗೆ ಮಳೆಯ ಬಹುಪಾಲನ್ನು ಚೆಲ್ಲಿ, ಒಳನಾಡಿನ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಎರೆಭೂಮಿಗೆ ಅರೆಮಳೆಯನ್ನಷ್ಟೇ ತರುವ ಗಾಳಿಯೂ ಈ ವ್ಯವಸ್ಥೆಯದೇ ಒಂದು ಕೈ. ಕಡಲಿನಿಂದ ಇಷ್ಟು ದೂರವಿರುವ ನಾಡಿನ ರೈತನೂ ಸಾಗರದ ನಾವಿಕನೂ ಒಂದೇ ಗಾಳಿಯ ಲೆಕ್ಕ ಹಾಕುತ್ತಾರೆ.

ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟಿದವರಲ್ಲಿ ದಾಖಲೆಯಿರುವ ಮೊದಲಿಗ, ಡೆನ್ಮಾರ್ಕ್ ಮೂಲದ ಮೀನುಗಾರ ಆಲ್ಫ್ರೆಡ್ ಜಾನ್ಸನ್. ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ 1876ರಲ್ಲಿ, 20 ಅಡಿಯ ಮೀನುಗಾರಿಕೆಯ ದೋಣಿಗೆ ಹಾಯಿ ಕಟ್ಟಿಕೊಂಡು ಅವನು ಅಮೆರಿಕದಿಂದ ವೇಲ್ಸ್ ದಡವನ್ನು ಮುಟ್ಟಿದ. ಆದರೆ ಈ ರೂಢಿಗೆ ನಿಜವಾದ ಅಡಿಪಾಯ ಹಾಕಿದವನು ಜೋಶುವಾ ಸ್ಲೋಕಮ್. ಹಾಯಿಹಡಗುಗಳ ಕಾಲ ಮುಗಿದು ಉಗಿಹಡಗುಗಳು ಬಂದಾಗ ಕೆಲಸ ಕಳೆದುಕೊಂಡ ಈ ಕಪ್ತಾನ, ಲಡ್ಡು ಹಿಡಿದು ನಿಂತಿದ್ದ ಹಳೆಯ ದೋಣಿಯೊಂದನ್ನು ಹಲಗೆ ಹಲಗೆಯಾಗಿ ತಾನೇ ಹೊಸದಾಗಿ ಕಟ್ಟಿ, ಅದಕ್ಕಿದ್ದ ‘ಸ್ಪ್ರೇ’ ಎಂಬ ಹೆಸರನ್ನು ಉಳಿಸಿಕೊಂಡು, 1895ರ ಏಪ್ರಿಲ್ 24ರಂದು ಬೋಸ್ಟನ್ನಿನಿಂದ ಹೊರಟು, ಸುಮಾರು 46,000 ಮೈಲಿ ಸುತ್ತಿ, 1898ರ ಜೂನ್ 27ರಂದು ಅಮೆರಿಕಕ್ಕೆ ಮರಳಿದ. ಒಬ್ಬನೇ ಭೂಮಿಯನ್ನು ಸುತ್ತಿದ ಮೊದಲ ನಾವಿಕನಾದ ಅವನಿಗೆ ಈಜು ಬರುತ್ತಿರಲಿಲ್ಲ. ಒಬ್ಬಂಟಿ ಯಾನದ ಮುಖ್ಯ ಸಮಸ್ಯೆ ನಿದ್ದೆ: ನಾವಿಕ ಮಲಗಿದಾಗ ಚುಕ್ಕಾಣಿಯನ್ನು ಹಿಡಿಯುವವರು ಯಾರು? ಚುಕ್ಕಾಣಿಯನ್ನು ಕಟ್ಟಿಹಾಕಿ ಹಾಯಿಗಳನ್ನು ಹದವಾಗಿ ಬಿಗಿದರೆ ‘ಸ್ಪ್ರೇ’ ತನ್ನಷ್ಟಕ್ಕೇ ದಿಕ್ಕು ತಪ್ಪದೆ ದಿನಗಟ್ಟಲೆ ಸಾಗುತ್ತಿತ್ತು. ಮುಂದೆ ಇದೇ ಕೆಲಸಕ್ಕೆ ಗಾಳಿಯ ದಿಕ್ಕನ್ನು ಅನುಸರಿಸಿ ಚುಕ್ಕಾಣಿಯನ್ನು ತಿರುಗಿಸುವ ಪಟ್ಟಿಗಳು, ಅನಂತರ ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಬಂದವು; ಇವೆಲ್ಲದರ ಮೂಲ ಪ್ರಶ್ನೆ ಸ್ಲೋಕಮನ ಪ್ರಶ್ನೆಯೇ.

ಎಲ್ಲೂ ನಿಲ್ಲದೆ ಭೂಮಿಯನ್ನು ಒಬ್ಬಂಟಿಯಾಗಿ ಸುತ್ತಿದ ಮೊದಲಿಗ ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರ ಜೂನ್ 14ರಂದು ಹೊರಟು 1969ರ ಏಪ್ರಿಲ್ 22ರಂದು ಮರಳಿದ ಅವರ 32 ಅಡಿಯ ‘ಸುಹೇಲಿ’ ಕಟ್ಟಲ್ಪಟ್ಟದ್ದು ಮುಂಬಯಿಯಲ್ಲಿ, ಸಾಗುವಾನಿ ಮರದಿಂದ. ಅವರು ಹೊರಟದ್ದು ಒಬ್ಬಂಟಿ ಭೂಪ್ರದಕ್ಷಿಣೆಯ ಸ್ಪರ್ಧೆಯೊಂದರಲ್ಲಿ; ಅದಕ್ಕೆ ಇಳಿದ ಒಂಬತ್ತು ಮಂದಿಯಲ್ಲಿ ಪೂರ್ಣಗೊಳಿಸಿದವರು ಅವರೊಬ್ಬರೇ. ಭಾರತೀಯ ಕುಶಲಕರ್ಮಿಗಳ ಕೈ ಈ ಪರಂಪರೆಯಲ್ಲಿ ಇಷ್ಟು ಹಿಂದಿನಿಂದಲೇ ಇದ್ದರೂ, ಭಾರತೀಯ ನಾವಿಕನೊಬ್ಬ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಲು ಇನ್ನೂ ನಾಲ್ಕು ದಶಕಗಳು ಬೇಕಾದವು. ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿಯವರ ಕನಸಿನಂತೆ ನೌಕಾಪಡೆ ರೂಪಿಸಿದ ‘ಸಾಗರ ಪರಿಕ್ರಮ’ ಯೋಜನೆಯಲ್ಲಿ ಕಮಾಂಡರ್ ದಿಲೀಪ್ ದೊಂಡೆಯವರು 2009ರ ಆಗಸ್ಟ್ 19ರಂದು ಮುಂಬಯಿಯಿಂದ ಹೊರಟು, ನಾಲ್ಕು ಬಂದರುಗಳಲ್ಲಿ ತಂಗಿ, 2010ರ ಮೇ ತಿಂಗಳಲ್ಲಿ ಮರಳಿದರು. ಅಭಿಲಾಷ್ ಟಾಮಿಯವರು 2012ರ ನವೆಂಬರಿನಲ್ಲಿ ಹೊರಟು ಎಲ್ಲೂ ನಿಲ್ಲದೆ 2013ರ ಮಾರ್ಚ್ ಕೊನೆಗೆ ಪ್ರದಕ್ಷಿಣೆಯನ್ನು ಮುಗಿಸಿದರು. ಇಬ್ಬರನ್ನೂ ಹೊತ್ತದ್ದು ಗೋವಾದಲ್ಲಿ ಕಟ್ಟಿದ 56 ಅಡಿಯ ಒಂದೇ ನೌಕೆ, ‘ಮ್ಹಾದೇಯಿ’. ಅದಕ್ಕೆ ಹೆಸರು ಕೊಟ್ಟ ಮಹದಾಯಿ ನದಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ನೀರಿನ ವ್ಯಾಜ್ಯದ ಸುದ್ದಿಗಳಲ್ಲಿ ಮಾತ್ರ ಕನ್ನಡಿಗರ ಕಿವಿಗೆ ಬೀಳುವ ಈ ನದಿಯ ಹೆಸರು ಎರಡು ಬಾರಿ ಒಬ್ಬಂಟಿ ನಾವಿಕರೊಡನೆ ಭೂಮಿಯನ್ನು ಸುತ್ತಿದೆಯೆಂಬುದು ಇನ್ನಷ್ಟು ಜನರಿಗೆ ತಿಳಿಯಬೇಕಾದ ವಿಷಯ.

ಹುಟ್ಟಿನ ಕವಲು ಬೇರೆಯದು. 1896ರಲ್ಲಿ ನಾರ್ವೆ ಮೂಲದ ಹಾರ್ಬೋ ಮತ್ತು ಸ್ಯಾಮುಯೆಲ್‌ಸನ್ ಎಂಬ ಇಬ್ಬರು 18 ಅಡಿಯ ತೆರೆದ ದೋಣಿಯಲ್ಲಿ ನ್ಯೂಯಾರ್ಕಿನಿಂದ ಇಂಗ್ಲೆಂಡಿನ ಸಿಲಿ ದ್ವೀಪಗಳಿಗೆ 55 ದಿನಗಳಲ್ಲಿ ಹುಟ್ಟು ಹಾಕಿದರು. ಒಬ್ಬಂಟಿಯಾಗಿ ಅದನ್ನು ಮೊದಲು ಸಾಧಿಸಿದ ಜಾನ್ ಫೇರ್‌ಫ್ಯಾಕ್ಸ್ 1969ರಲ್ಲಿ ಕ್ಯಾನರಿ ದ್ವೀಪದಿಂದ ಫ್ಲಾರಿಡಾ ತಲುಪಲು 180 ದಿನ ತೆಗೆದುಕೊಂಡರು. ಮಹಿಳೆಯೊಬ್ಬರು ಒಂಟಿಯಾಗಿ ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಲು ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು: ಅಮೆರಿಕದ ಟೋರಿ ಮರ್ಡನ್ 1999ರ ಡಿಸೆಂಬರಿನಲ್ಲಿ 81 ದಿನಗಳ ಯಾನವನ್ನು ಮುಗಿಸಿದರು. ಅಷ್ಟರಲ್ಲಿ, 1997ರಿಂದ, ಇದು ವ್ಯವಸ್ಥಿತ ಸ್ಪರ್ಧೆಯಾಗಿಯೂ ರೂಪುಗೊಂಡಿತ್ತು. ಈಗ ಅದರ ದಾರಿ ಲಾ ಗೊಮೆರಾದಿಂದ ಆಂಟಿಗಾ ದ್ವೀಪದವರೆಗಿನ ಸುಮಾರು 3,000 ಮೈಲಿ. 2007ರಲ್ಲಿ ಭಾರತದ ಭಾವಿಕ್ ಗಾಂಧಿಯವರು ಒಂಟಿಯಾಗಿ ಹುಟ್ಟು ಹಾಕಿ 106 ದಿನಗಳಲ್ಲಿ ಅಟ್ಲಾಂಟಿಕನ್ನು ದಾಟಿದರು.

ಅನನ್ಯಾ ಅವರು ಸೇರಿಕೊಂಡದ್ದು ಲಾ ಗೊಮೆರಾದಿಂದ ಹೊರಡುವ ಆ ಸ್ಪರ್ಧೆಯನ್ನೇ. ಮೂರೂವರೆ ವರ್ಷಗಳ ಸಿದ್ಧತೆಯ ಬಳಿಕ 2024ರ ಡಿಸೆಂಬರಿನಲ್ಲಿ ಹೊರಟು, 52 ದಿನ, 5 ಗಂಟೆ, 44 ನಿಮಿಷಗಳಲ್ಲಿ ಅವರು ಆಂಟಿಗಾ ತಲುಪಿದರು. ಸರಾಸರಿಯಲ್ಲಿ ಇದು ದಿನಕ್ಕೆ 90 ಕಿಲೋಮೀಟರಿಗೂ ಹೆಚ್ಚು. ಬದಲಿಗೆ ಕೂರುವವರಿಲ್ಲದೆ, ಅಡುಗೆ, ದುರಸ್ತಿ, ದಿಕ್ಕಿನ ಲೆಕ್ಕ, ನಿದ್ದೆ ಎಲ್ಲವನ್ನೂ ಹುಟ್ಟಿನ ನಡುನಡುವೆಯೇ ತೂಗಿಸಿಕೊಂಡು ನಡೆಸಿದ ದೂರವೆಂಬುದನ್ನು ಮರೆಯಬಾರದು. ಬಿಳಿಯರಲ್ಲದ ಮಹಿಳೆಯರಲ್ಲಿ ಒಬ್ಬಂಟಿಯಾಗಿ ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಿದ ಮೊದಲಿಗರೆಂದು ಅವರನ್ನು ಗುರುತಿಸಲಾಯಿತು. ಅವರು ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಕಾಣದ ಕಡಲಿಗಾಗಿ ಹಂಬಲಿಸುವ ಮನಸ್ಸನ್ನು ಕುರಿತು ತಾತ ಬರೆದ ಭಾವಗೀತೆಯನ್ನು ಹಾಡಿ ಬೆಳೆದ ಕನ್ನಡಿಗರಿಗೆ ಈ ನಂಟು ತಾನಾಗಿಯೇ ಹೊಳೆಯುತ್ತದೆ, ಆದರೆ ಯಾನದ ಉದ್ದೇಶ ಕಾವ್ಯಕ್ಕಿಂತ ನೆಲಕ್ಕೆ ಹತ್ತಿರವಾದದ್ದು. ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಸಂಸ್ಥೆಯೊಂದಕ್ಕೂ ಚಾಮರಾಜನಗರದ ದೀನಬಂಧು ಸಂಸ್ಥೆಗೂ ಈ ಯಾನದ ಮೂಲಕ ನಿಧಿ ಸಂಗ್ರಹವಾಯಿತು. ಅನಾಥ ಮಕ್ಕಳಿಗೆ ನೆಲೆಯಾಗಿರುವ ದೀನಬಂಧುವನ್ನು ಕಟ್ಟಿ ಬೆಳೆಸಿದವರು ಕವಿಯ ಪುತ್ರ ಜಿ.ಎಸ್. ಜಯದೇವ.

ಇಂಥ ದೋಣಿಯ ರಚನೆಯನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಫೇರ್‌ಫ್ಯಾಕ್ಸರ ಕಾಲದಿಂದ ಈಚೆಗಿನ ಬದಲಾವಣೆಯೆಲ್ಲ ಅಲ್ಲಿ ಕಾಣುತ್ತದೆ. ಸುಮಾರು ಆರೇಳು ಮೀಟರ್ ಉದ್ದದ ದೋಣಿಯ ಎರಡು ತುದಿಗಳಲ್ಲೂ ಗಾಳಿಯಾಡದಂತೆ ಮುಚ್ಚಬಹುದಾದ ಗೂಡುಗಳಿರುತ್ತವೆ, ನಡುವೆ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಆಸನವಿರುತ್ತದೆ, ಅಂಬಿಗರು ತಾವು ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಆಹಾರ, ಬ್ಯಾಟರಿ, ನೀರಿನ ತೂಕವನ್ನೆಲ್ಲ ತಳದಲ್ಲಿ ಇಡುವುದರಿಂದಲೂ ಗೂಡುಗಳಲ್ಲಿ ಗಾಳಿ ತುಂಬಿರುವುದರಿಂದಲೂ, ಅಲೆಯ ಹೊಡೆತಕ್ಕೆ ಮಗುಚಿದ ದೋಣಿ ತಲೆಕೆಳಗಾಗಿ ನಿಲ್ಲಲಾರದೆ ಉರುಳಿ ಮತ್ತೆ ನೆಟ್ಟಗಾಗುತ್ತದೆ. ಗೂಡಿನ ಬಾಗಿಲು ತೆರೆದಿದ್ದರೆ ಮಾತ್ರ ಈ ಗುಣ ಕೈಕೊಡುತ್ತದೆ. ಬಿಸಿಲಿನಿಂದ ವಿದ್ಯುತ್ ಪಡೆದು ಉಪ್ಪುನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಕುಡಿಯುವ ನೀರು ಮಾಡುವ ಯಂತ್ರವಿರುತ್ತದೆ. ಎದುರುಗಾಳಿಯಲ್ಲಿ ಹುಟ್ಟು ಹಾಕುವುದು ವ್ಯರ್ಥವಾದಾಗ ನೀರಿನೊಳಗೆ ಕೊಡೆಯಂತೆ ಬಿಚ್ಚಿಕೊಳ್ಳುವ ಬಟ್ಟೆಯ ಲಂಗರನ್ನು ಇಳಿಬಿಟ್ಟು ದೋಣಿ ಹೆಚ್ಚು ಹಿಂದಕ್ಕೆ ಹೋಗದಂತೆ ತಡೆಯುತ್ತಾರೆ. ಅಂಬಿಗರ ಮೈ ಸದಾ ಹಗ್ಗದಿಂದ ದೋಣಿಗೆ ಬಿಗಿದಿರುತ್ತದೆ, ಅಪಾಯವಾದರೆ ಉಪಗ್ರಹದ ಮೂಲಕ ಸ್ಥಳವನ್ನು ಸಾರುವ ಉಪಕರಣ ಕೈಗೆಟುಕುವಲ್ಲಿರುತ್ತದೆ. ದೋಣಿ ಮಗುಚಿಯೇ ತೀರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆಗಲೂ ಜೀವ ಉಳಿಯುವಂತೆ ಎಲ್ಲವನ್ನೂ ಜೋಡಿಸಿರುವುದೇ ಈ ವಿನ್ಯಾಸದ ವಿವೇಕ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲೂ ಒಬ್ಬರೇ ನಡೆಸುವ ದೋಣಿಯ ಪರಂಪರೆ ಇದೆ, ಅದು ಹರಿಗೋಲಿನದು. ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಡಾಂಬರು ಬಳಿದ ಹಾಳೆಯನ್ನೂ ಹೊದಿಸಿ ಮಾಡುವ ಈ ದುಂಡು ದೋಣಿಗಳಲ್ಲಿ ಜನರೂ ಕುದುರೆ ಎತ್ತುಗಳೂ ಆನೆಗೊಂದಿಯ ಬಳಿ ಹೊಳೆ ದಾಟುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಿಸ್ ಸುಮಾರು 1520ರಲ್ಲೇ ಬರೆದಿಟ್ಟಿದ್ದಾನೆ. ತಳದಲ್ಲಿ ಏಣಿಲ್ಲದ ಹರಿಗೋಲು ಗೇಣುದ್ದದ ನೀರಿನಲ್ಲೂ ಬಂಡೆಗಳ ನಡುವೆ ತೇಲುತ್ತದೆ, ಆದರೆ ಸುಳಿಗೆ ಸಿಕ್ಕರೆ ಗರಗರ ತಿರುಗುತ್ತದೆ; ಅದನ್ನು ಒಂದೇ ಹುಟ್ಟಿನಿಂದ ನೇರ ನಡೆಸುವುದು ಎಳವೆಯಿಂದ ಕಲಿತವರಿಗೆ ಮಾತ್ರ ಒಲಿಯುವ ವಿದ್ಯೆ. ಈ ವಿದ್ಯೆ ಇನ್ನೂ ಬಳಕೆಯಲ್ಲಿದೆ. ಕೃಷ್ಣೆಯ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟು ಶೀಲಹಳ್ಳಿ ಸೇತುವೆ ಮುಳುಗಿದಾಗ, ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿಯಂಥ ನಡುಗಡ್ಡೆಗಳ ಜನರು ಹೊರಜಗತ್ತಿನ ನಂಟು ಕಡಿದುಕೊಂಡು, ಔಷಧಿಗೂ ದಿನಸಿಗೂ ಹರಿಗೋಲನ್ನು ನಂಬಬೇಕಾಗುತ್ತದೆ. ಸಾಗರದ ಅಂಬಿಗರು ತಾವೇ ಬಯಸಿ ಆಯ್ದುಕೊಂಡ ಅಪಾಯಕ್ಕೆ ಇಷ್ಟೆಲ್ಲ ರಕ್ಷಣೆ ಇರುವಾಗ, ಬೇರೆ ದಾರಿಯಿಲ್ಲದೆ ಪ್ರವಾಹಕ್ಕೆ ಇಳಿಯುವ ನಡುಗಡ್ಡೆಯ ಮಂದಿಗೆ ತೇಲುವ ಒಂದು ಅಂಗಿಯೂ ಇಲ್ಲದಿರುವುದು ಸಲ್ಲದು. ಎತ್ತರದ ಸೇತುವೆಗಳಾಗುವವರೆಗೆ ಪ್ರತಿ ಮಳೆಗಾಲಕ್ಕೂ ಮುನ್ನ ಜಿಲ್ಲಾಡಳಿತವು ನಡುಗಡ್ಡೆಗಳ ಪ್ರತಿ ಮನೆಗೂ ಜೀವರಕ್ಷಕ ಜಾಕೆಟ್‌ಗಳನ್ನು ಒದಗಿಸಬೇಕು, ಹೊಳೆದಂಡೆಯ ಶಾಲೆಗಳ ಮಕ್ಕಳಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ಈಜು ಕಲಿಸಬೇಕು.