ಬಹುಘಟಕ ನಿಯಂತ್ರಣ ವ್ಯವಸ್ಥೆಗಳಲ್ಲಿ ವಿರೋಧಿ ಪ್ರಭಾವಗಳು

ರೋಬೋಟ್‌ಗಳಂತಹ ಅನೇಕ ಘಟಕಗಳು ಪರಸ್ಪರ ಮಾಹಿತಿ ಪಡೆದು ತಮ್ಮ ಮೌಲ್ಯವನ್ನು ತಾವೇ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ಬಹುಘಟಕ ನಿಯಂತ್ರಣ ವ್ಯವಸ್ಥೆ ಎನ್ನಲಾಗುತ್ತದೆ. ಘಟಕಗಳ ನಡುವೆ ಸಹಕಾರದೊಡನೆ ವಿರೋಧವೂ ಇದ್ದಲ್ಲಿ ಏನಾಗುವುದೆಂಬುದನ್ನು ಕ್ಲಾಡಿಯೋ ಅಲ್ಟಾಫಿನಿ ಅವರು 2013ರಲ್ಲಿ ಪ್ರಕಟಿಸಿದ ಮಾದರಿಯು ವಿವರಿಸುತ್ತದೆ. ಇದರಲ್ಲಿ ಸಹಕಾರದ ಕೊಂಡಿಗೆ ಧನ ಚಿಹ್ನೆ, ವಿರೋಧದ ಕೊಂಡಿಗೆ ಋಣ ಚಿಹ್ನೆ.

ಎಲ್ಲ ಘಟಕಗಳೂ ಉಭಯಮುಖ ಸಂಪರ್ಕದಲ್ಲಿದ್ದು, ಜಾಲದ ಪ್ರತಿಯೊಂದು ಮುಚ್ಚಿದ ಸುತ್ತಿನಲ್ಲಿಯೂ ಋಣ ಕೊಂಡಿಗಳು ಸಮಸಂಖ್ಯೆಯಲ್ಲಿದ್ದರೆ, ವಿರೋಧಿಗಳು ಎರಡು ಬಣಗಳಾಗುತ್ತಾರೆ. ಉದಾಹರಣೆಗೆ ಒಂದು ಬಣ +5ರಲ್ಲಿ, ಇನ್ನೊಂದು −5ರಲ್ಲಿ ನೆಲೆಗೊಳ್ಳುತ್ತದೆ. ಒಂದೇ ಸುತ್ತಿನಲ್ಲಿ ಆ ಸಂಖ್ಯೆ ಬೆಸವಾದರೂ ಎಲ್ಲ ಮೌಲ್ಯಗಳೂ ಶೂನ್ಯಕ್ಕೆ ಇಳಿಯುತ್ತವೆ. ಪರಸ್ಪರ ವಿರೋಧಿಸುವ ಮೂರು ಘಟಕಗಳ ತ್ರಿಕೋನವು ಇದರ ಸರಳ ನಿದರ್ಶನ.

ಈ ಶೂನ್ಯವನ್ನು ಒಮ್ಮತವೆಂದು ಭಾವಿಸಬಾರದು. ಜಮಾ-ಖರ್ಚು ಸಮವಾಗಿ ಶಿಲ್ಕು ಶೂನ್ಯವಾದ ಮಾತ್ರಕ್ಕೆ ವ್ಯವಹಾರವೇ ನಡೆದಿಲ್ಲವೆನ್ನಲಾಗದಷ್ಟೆ! ಇಲ್ಲಿ ಪ್ರತಿ ಘಟಕದ ಮೂಲ ಮಾಹಿತಿಯೂ ಅಳಿಸಿಹೋಗಿರುತ್ತದೆ. ಕೊಂಡಿಗಳ ಬಲವನ್ನು ಹೆಚ್ಚಿಸಿದರೆ ಶೂನ್ಯವು ಬೇಗ ಬರುವುದೇ ಹೊರತು ತಪ್ಪುವುದಿಲ್ಲ, ಬದಲಿಸಬೇಕಾದುದು ಚಿಹ್ನೆಯನ್ನು.