ಸವಾರನ ಬೂಟು, ಮುಸುರೆಕಟ್ಟೆಯ ಬೂಟು

ತಿರುವನಂತಪುರದಲ್ಲಿ ನೆಲೆಸಿರುವ ನಮ್ಮವರಿಗೆ ಕುದುರೆ ಪೊಲೀಸರ ನೋಟ ಹೊಸದಲ್ಲ. ಶ್ರೀ ಪದ್ಮನಾಭಸ್ವಾಮಿಯ ಆರಾಟ್ಟು ಮೆರವಣಿಗೆಯಲ್ಲಿ ಅವರು ಸಾಗುವಾಗ ನಮ್ಮ ಕಣ್ಣು ಮೊದಲು ಕುದುರೆಯ ಮೇಲೂ, ಅನಂತರ ಸವಾರನ ಎತ್ತರದ ಬೂಟಿನ ಮೇಲೂ ನಿಲ್ಲುತ್ತದೆ. ಆ ಬೂಟು ಬರಿಯ ಠೀವಿಗೆಂದು ಹುಟ್ಟಿದುದಲ್ಲ. ಜೀನಿನ ಬಾರುಗಳು ಉಜ್ಜಿ ಕಾಲು ತರಚದಿರಲೆಂದು ಅದಕ್ಕೆ ಆ ಎತ್ತರ. ಪಾದವು ರಿಕಾಪಿನಲ್ಲಿ ಮುಂದಕ್ಕೆ ಜಾರಿ ಸಿಲುಕದಿರಲೆಂದು ಆ ಹಿಮ್ಮಡಿ.

ಅಮೆರಿಕದ ದನಗಾಹಿಗಳ ಬೂಟಿನ ಕಥೆಯೂ ಇದೇ. 1865ರಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿದ ತರುವಾಯ ಟೆಕ್ಸಾಸಿನಿಂದ ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ದನದ ಹಿಂಡುಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ಈ ಸವಾರರಿಗೆ ಎತ್ತರದ ಹಿಮ್ಮಡಿ, ರಿಕಾಪಿಗೆ ಸುಲಭವಾಗಿ ತೂರುವ ತುಸು ಕಿರಿದಾದ ಮೂತಿ, ಮುಳ್ಳಿನಿಂದ ಕಾಯುವ ಎತ್ತರದ ಕಾಲುಚೀಲ ಬೇಕಾದವು. ಬಿದ್ದರೆ ಕಾಲು ತಾನಾಗಿ ಕಳಚಿಬರಲೆಂದು ಅದಕ್ಕೆ ದಾರ ಕಟ್ಟುತ್ತಿರಲಿಲ್ಲ. ಚಿತ್ರದ ಹೊಲಿಗೆ ಕೂಡ ಚರ್ಮ ಮಡಿಸಿಕೊಳ್ಳದಂತೆ ಬಿಗಿ ಕೊಡುತ್ತಿತ್ತು.

ಬೂಟಿನ ಚರಿತ್ರೆಯಲ್ಲಿ ನಮ್ಮ ನಾಡಿನ ನೆನಪೂ ಒಂದುಂಟು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿಯ ಅಧಿಕಾರ ವಹಿಸಿ ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಪ್ರಭುವಾದನು. ಕುಚ್ಚು ತೂಗುತ್ತಿದ್ದ ಹೆಸ್ಸಿಯನ್ ಬೂಟನ್ನು ಸರಳಗೊಳಿಸಿ, ಕಾಲಿಗೆ ಒಪ್ಪುವಂತೆ ಹೊಲಿದು ಕೊಡೆಂದು ಅವನು ಲಂಡನ್ನಿನ ತನ್ನ ಬೂಟುಗಾರ ಹೋಬಿಗೆ ಹೇಳಿದನು. ಹಾಗೆ ಹುಟ್ಟಿತು ವೆಲಿಂಗ್ಟನ್ ಬೂಟು.

1853ರಲ್ಲಿ ಹೈರಮ್ ಹಚಿನ್ಸನ್ ಫ್ರಾನ್ಸಿನಲ್ಲಿ ರಬ್ಬರಿನ ಬೂಟಿನ ಕಾರ್ಖಾನೆ ಹೂಡಿದನು. ಪ್ರಭುವಿನ ಬೂಟು ರೈತನ ಕಾಲಿಗೆ ಬಂದಿತು. ಅದೇ ಇಂದಿನ ಗಂಬೂಟು. ಅದರ ಹಾಲು ಸುರಿಯುವ ಮರಗಳಾದರೋ ನಮ್ಮ ಸುತ್ತಲೇ ಇವೆ. 1902ರಲ್ಲಿ ಪೆರಿಯಾರ್ ತೀರದ ತಟ್ಟೇಕಾಡಿನಲ್ಲಿ ಮೊದಲಾದ ರಬ್ಬರ್ ಕೃಷಿ ಇಂದು ಕೇರಳವನ್ನು ಭಾರತದ ರಬ್ಬರಿನ ತವರಾಗಿಸಿದೆ.

ಇಷ್ಟೆಲ್ಲ ಹೇಳಿದುದೇಕೆ? ಕೊಚ್ಚಿಯ ಮೀನು ಸಂಸ್ಕರಣದ ಶಾಲೆಗಳಲ್ಲಿ ಕೆಲಸಗಾರರು ಗಂಬೂಟು ತೊಟ್ಟು ನಿಲ್ಲುತ್ತಾರೆ. ನಮ್ಮ ಹೋಟೆಲುಗಳ ಮುಸುರೆಕಟ್ಟೆಯಲ್ಲಿಯೋ, ಊರಿನಿಂದ ಬಂದ ಹುಡುಗರು ಇಂದಿಗೂ ಬರಿಗಾಲಲ್ಲಿ ಸೋಪಿನ ನೀರಿನೊಳಗೆ ನಿಂತಿರುವುದನ್ನು ಕಂಡಿದ್ದೇವೆ. ಬೆರಳ ಸಂದಿನಲ್ಲಿ ಕೆಸರುಹುಣ್ಣು, ಹಿಮ್ಮಡಿಯಲ್ಲಿ ಬಿರುಕು, ಬಿಸಿ ಗಂಜಿಯ ಸುಟ್ಟ ಗಾಯ. ಅಡುಗೆಮನೆಗೆ ಚರ್ಮ ತಗದೆಂಬ ಹಿರಿಯರ ಆಕ್ಷೇಪಕ್ಕೂ ಇಲ್ಲಿ ಎಡೆಯಿಲ್ಲ. ರಬ್ಬರಿನ ಗಂಬೂಟಿನಲ್ಲಿ ಚರ್ಮವೇ ಇಲ್ಲ.

ಮಾಲಿಕರು ಆಳಿಗೊಂದು ಜೊತೆ ಕೊಡಿಸಲಿ, ಅಟ್ಟೆ ಜಾರದಂತಹುದಿರಲಿ. ತೊಡುವವರು ಒಣಗಿದ ಹತ್ತಿಯ ಕಾಲುಚೀಲ ಹಾಕಿಕೊಂಡು, ರಾತ್ರಿ ಬೂಟನ್ನು ಬೋರಲಿಟ್ಟು ಆರಿಸಲಿ. ಕುದುರೆ ಏರಿದವನ ಕಾಲಿಗೆ ಲೋಕವು ಇಷ್ಟು ಯೋಚಿಸಿರುವಾಗ, ದಿನವಿಡೀ ನಿಂತು ದುಡಿಯುವವನ ಕಾಲನ್ನು ಮರೆಯುವುದು ನ್ಯಾಯವೇ?