ಮಳೆ ಹಿಡಿದರೆ ಚಾ ಏರಿತು, ಮಣ್ಣಿನ ಕಪ್ಪು ಮಾಯವಾಯಿತು!

ಮೊನ್ನೆ ಸಂಜೆ ಆರರ ಹೊತ್ತು. ಬೆಳಗಾವಿ ಬಸ್ ಸ್ಟ್ಯಾಂಡಿನ ಹೊರಗೆ ಜಿಟಿಜಿಟಿ ಮಳೆ. ಖಾನಾಪುರ ಬಸ್ಸಿಗೆ ಕಾಯುತ್ತಿದ್ದ ಹುಡುಗನೊಬ್ಬ ಚಾ ಅಂಗಡಿಯ ತಗಡಿನ ಕೆಳಗೆ ನುಗ್ಗಿ, "ಕಾಕಾ, ಒಂದು ಚಾ. ಮಣ್ಣಿನ ಕಪ್ಪಿನ್ಯಾಗ ಕೊಡ್ರಿ" ಅಂದ.

"ಈಗೆಲ್ಲಿದಪಾ ಮಣ್ಣಿನ ಕಪ್ಪು? ಮಳಿ ಹಿಡದೈತಿ. ದಸರಾ ಆದ ಮ್ಯಾಲ ಬಾ" ಎಂದರು ಕಾಕಾ. ಹುಡುಗನ ಕೈಗೆ ಪೇಪರ್ ಕಪ್ಪು ಬಂತು. ಹುಡುಗ ಕುಡಿದ, ಎಸೆದ, ಬಸ್ ಹತ್ತಿದ.

ಮಾವಿನಹಣ್ಣಿಗೆ ಸುಗ್ಗಿ ಉಂಟು, ಕಡಲೆಗೆ ಸುಗ್ಗಿ ಉಂಟು. ಚಾ ಕುಡಿಯುವ ಕಪ್ಪಿಗೂ ಸುಗ್ಗಿಯೇ? ಓದುಗರು ನಗಬಹುದು. ಆದರೆ ಕಾಕಾ ಹೇಳಿದ ಆ ಒಂದು ಮಾತಿನಲ್ಲೇ ಮಣ್ಣಿನ ಕಪ್ಪಿನ ಇಡೀ ಕಥೆ ಅಡಗಿದೆ. ಚಾ ಅತಿ ಹೆಚ್ಚು ಖರ್ಚಾಗುವುದು ಮಳೆಗಾಲದಲ್ಲಿ. ಕುಂಬಾರನ ಕೈ ಕಟ್ಟುವುದೂ ಅದೇ ಮಳೆಗಾಲದಲ್ಲಿ. ಗಿರಾಕಿ ಕೇಳುವಾಗ ಮಾಲು ಇಲ್ಲ, ಮಾಲು ಇರುವಾಗ ಗಿರಾಕಿ ಕಡಿಮೆ. ವ್ಯಾಪಾರಸ್ಥರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು ಹೊಸದು, ಕೈ ಹಳೆಯದು

ನಮ್ಮ ಸೀಮೆಯಲ್ಲಿ ಚಾ ಅಂದರೆ ಕಪ್ಪು-ಬಸಿಯ ಚಾ. ಬಸಿಗೆ ಸುರಿದು, ಊದಿ, ಸೊರ್‍ರೆಂದು ಎಳೆದರೇನೇ ಹಿರಿಯರಿಗೆ ಸಮಾಧಾನ. ಮಣ್ಣಿನ ಕಪ್ಪಿನ ಚಾ ಉತ್ತರ ಹಿಂದೂಸ್ಥಾನದ, ಕಲ್ಕತ್ತೆಯ ಬೀದಿಗಳ ರೂಢಿ. ಅಲ್ಲಿ ಅದು ಕುಲ್ಹಡ್. ಇಲ್ಲಿಗೆ ಅದು ಬಂದದ್ದು ತೀರ ಈಚೆಗೆ, "ತಂದೂರಿ ಚಾ" ಎಂಬ ಬೋರ್ಡಿನ ಜೊತೆಗೆ. ಕಾದ ಕೆಂಡದಂಥ ಕುಡಿಕೆಗೆ ಚಾ ಸುರಿದಾಗ ಬುಸ್ಸೆಂದು ಉಕ್ಕುವ ತಮಾಷೆ ನೋಡಲು ಕಾಲೇಜು ಹುಡುಗರು ನೆರೆದರು. ತಮಾಷೆ ಹಳತಾಯಿತು, ಮಣ್ಣಿನ ವಾಸನೆಯ ರುಚಿ ಮಾತ್ರ ನಾಲಿಗೆಗೆ ಹತ್ತಿತು.

ಕಪ್ಪು ಹೊಸದಾದರೂ ಅದನ್ನು ಮಾಡುವ ಕೈ ನಮ್ಮಲ್ಲಿ ಹಳೆಯದೇ. ಖಾನಾಪುರದ ಮಣ್ಣು ಹೆಂಚಿಗೂ ಗಡಿಗೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅದೇ ಖಾನಾಪುರದಲ್ಲಿ. ದೇಶದ ಬೇರೆ ಕಡೆಯವರು ಕಲಿಯಲು ಬರುವ ಊರಿನ ಮಗ್ಗುಲಲ್ಲೇ ಇದ್ದುಕೊಂಡು ನಾವು ಪೇಪರ್ ಕಪ್ಪಿನಲ್ಲಿ ಚಾ ಕುಡಿಯುತ್ತಿದ್ದೇವೆ!

ಒಂದು ಕಪ್ಪಿನ ಹಿಂದೆ ಎಷ್ಟು ದಿನ?

ಮಣ್ಣು ತಂದು ಒಣಗಿಸಬೇಕು, ಕುಟ್ಟಬೇಕು, ಕಲ್ಲು-ಕಸ ಸೋಸಬೇಕು, ನೆನೆಹಾಕಿ ತುಳಿಯಬೇಕು. ಆಮೇಲೆ ದೊಡ್ಡ ಮುದ್ದೆಯನ್ನು ತಿಗರಿಯ ನಡುವೆ ಇಟ್ಟು, ಅದರ ತುದಿಯಿಂದ ಒಂದಾದ ಮೇಲೊಂದು ಕಪ್ಪು ಎತ್ತಿ ದಾರದಿಂದ ಕೊಯ್ದು ಇಳಿಸುತ್ತಾರೆ. ಪಳಗಿದ ಕೈಗೆ ಒಂದು ಕಪ್ಪು ಎತ್ತುವುದು ಕಣ್ಣು ಮಿಟುಕಿಸಿದಷ್ಟು ಹೊತ್ತಿನ ಕೆಲಸ. ಹೊತ್ತು ಹಿಡಿಯುವುದು ಆಮೇಲೆ.

ಮೊದಲು ನೆರಳು, ಆಮೇಲೆ ಬಿಸಿಲು, ಕೊನೆಗೆ ಆವಿಗೆ. ಒಳಗೆ ಚೂರು ತೇವ ಉಳಿದರೂ ಬೆಂಕಿಯಲ್ಲಿ ಆ ನೀರು ಆವಿಯಾಗಿ ಕಪ್ಪು ಟಪ್ ಎಂದು ಸಿಡಿಯುತ್ತದೆ. ಐದಾರು ನೂರು ಡಿಗ್ರಿ ಶಾಖ ದಾಟಿದ ಮೇಲಷ್ಟೇ ಮಣ್ಣು ಮತ್ತೆ ನೀರಿನಲ್ಲಿ ಕರಗದ ಹಾಗೆ ಗಟ್ಟಿಯಾಗುವುದು. ಮಣ್ಣಿನೊಳಗಿನ ಕಬ್ಬಿಣದ ಅಂಶ ಗಾಳಿಯಲ್ಲಿ ಸುಟ್ಟು ಕೆಂಪು ಬಣ್ಣ ಕೊಡುತ್ತದೆ.

ಈಗ ಖಾನಾಪುರ ತಾಲೂಕಿನ ಮಳೆ ನೆನೆಸಿಕೊಳ್ಳಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಅರಿವೆ ಒಣಗುವುದಿಲ್ಲ, ಕಪ್ಪು ಎಲ್ಲಿ ಒಣಗಬೇಕು? ಸೌದೆ ಹಸಿ, ಹೊಟ್ಟು ಹಸಿ, ಬಯಲ ಆವಿಗೆಯ ತಲೆಯ ಮೇಲೆ ಮೋಡ. "ನಾವು ಮಾಡಂಗಿಲ್ಲ ಅನ್ನಂಗಿಲ್ರೀ. ಬ್ಯಾಸಗಿಯೊಳಗ ಹೇಳ್ರಿ, ಮುಂಗಡ ಕೊಡ್ರಿ, ಸುಟ್ಟು ಇಡ್ತೀವಿ. ಮಳ್ಯಾಗ ಬಂದು ಕಪ್ಪು ಕೊಡು ಅಂದ್ರ ನಾ ಏನ್ ನನ್ನ ಅಂಗೈ ಸುಟ್ಟು ಕೊಡ್ಲೇನು?" ಎಂದು ಹಿರಿಯ ಕುಂಬಾರರೊಬ್ಬರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಗಡಿಗೆಗೆ ಹೇಳಿದ್ದು. ಚಾ ಕಪ್ಪಿಗೆ ದೊಣ್ಣೆಯೂ ಬೇಕಾಗಿಲ್ಲ. ಕುಡಿದವನೇ ಎರಡು ನಿಮಿಷದಲ್ಲಿ ನೆಲಕ್ಕೆ ಒಗೆದು ಒಡೆಯುತ್ತಾನೆ!

ಮಂತ್ರಿಗಳ ಕುಲ್ಹಡ್ ಪ್ರೇಮ

ಮಣ್ಣಿನ ಕಪ್ಪಿಗೆ ದಿಲ್ಲಿಯ ಆಶೀರ್ವಾದ ಇಲ್ಲವೆಂದಲ್ಲ. ಒಂದಲ್ಲ, ಮೂರು ಮೂರು ಬಾರಿ ಆಗಿದೆ. 2004ರಲ್ಲಿ ರೈಲ್ವೆ ಮಂತ್ರಿಗಳಾಗಿದ್ದ ಲಾಲೂ ಪ್ರಸಾದ್ ಯಾದವ್ ಅವರು ನಿಲ್ದಾಣಗಳಲ್ಲಿ ಚಾ ಕುಲ್ಹಡ್‌ನಲ್ಲೇ ಸಿಗಬೇಕೆಂದರು. ದೇಶವೆಲ್ಲ ಸುದ್ದಿಯಾಯಿತು. ಕೆಲವು ವರ್ಷಗಳಲ್ಲಿ ಕುಲ್ಹಡ್ ಹಿಂದೆ ಸರಿದು ಪ್ಲಾಸ್ಟಿಕ್, ಪೇಪರ್ ಮತ್ತೆ ಮುಂದೆ ಬಂದವು. 2019ರ ಆರಂಭದಲ್ಲಿ ವಾರಾಣಸಿ, ರಾಯಬರೇಲಿ ನಿಲ್ದಾಣಗಳಿಗೆ ಮತ್ತೆ ಅಪ್ಪಣೆಯಾಯಿತು. ಅದೇ ವರ್ಷ ನಿತಿನ್ ಗಡ್ಕರಿ ಅವರು ನೂರು ನಿಲ್ದಾಣಗಳ ಮಾತೆತ್ತಿದರು. 2020ರ ನವೆಂಬರ್‌ನಲ್ಲಿ ಆಗಿನ ರೈಲ್ವೆ ಮಂತ್ರಿ ಪೀಯೂಷ್ ಗೋಯಲ್ ಅವರು, ಸುಮಾರು 400 ನಿಲ್ದಾಣಗಳಲ್ಲಿ ಕುಲ್ಹಡ್ ಚಾ ಸಿಗುತ್ತಿದೆ, ಮುಂದೆ ಎಲ್ಲ ನಿಲ್ದಾಣಗಳಿಗೂ ಬರಲಿದೆ ಎಂದರು.

ಒಂದೇ ಕೂಸಿಗೆ ಮೂರು ಸಲ ನಾಮಕರಣ! ತೊಟ್ಟಿಲು ತೂಗಲು ಜನ ಬಂದರು, ಹಾಲು ಕುಡಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. 2018ರಲ್ಲಿ ಖಾದಿ ಆಯೋಗ ಆರಂಭಿಸಿದ ಕುಂಬಾರ ಸಬಲೀಕರಣ ಯೋಜನೆಯಲ್ಲಿ ಕರೆಂಟಿನ ತಿಗರಿ ಹಂಚಿದ್ದು ಒಳ್ಳೆಯ ಕೆಲಸವೇ. ಕೋಲು ಹಾಕಿ ತಿರುಗಿಸುವ ರಟ್ಟೆಯ ನೋವು ತಪ್ಪಿತು. ಆದರೆ ತಿಗರಿ ಬೇಗ ತಿರುಗಿದ ಮಾತ್ರಕ್ಕೆ ಮಳೆಯಲ್ಲಿ ಕಪ್ಪು ಒಣಗುವುದಿಲ್ಲ.

ಪೇಪರ್ ಕಪ್ಪು ಬರೀ ಪೇಪರ್ ಅಲ್ಲ

2016ರಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕಪ್ಪು-ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಪ್ಲಾಸ್ಟಿಕ್ ಕಪ್ಪು, ಚಮಚೆ, ತಟ್ಟೆಗಳಿಗೆ ನಿಷೇಧ ಬಂತು. ಖಾಲಿಯಾದ ಆ ಜಾಗಕ್ಕೆ ಪೇಪರ್ ಕಪ್ಪು ಜಾಣತನದಿಂದ ಬಂದು ಕೂತಿತು.

ಬರೀ ಕಾಗದದಲ್ಲಿ ಬಿಸಿ ಚಾ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಅದಕ್ಕೇ ಒಳಮೈಗೆ ತೆಳ್ಳನೆ ಪ್ಲಾಸ್ಟಿಕ್ ಪೊರೆ ಹಚ್ಚಿರುತ್ತಾರೆ. 2020ರಲ್ಲಿ ಖರಗ್‌ಪುರದ ಐಐಟಿಯವರು ಪರೀಕ್ಷೆ ಮಾಡಿ ನೋಡಿದರು. 85-90 ಡಿಗ್ರಿಯಷ್ಟು ಬಿಸಿಯಾದ 100 ಮಿಲಿಲೀಟರ್ ನೀರು ಅಂಥ ಕಪ್ಪಿನಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ ಎಂದು ಕಂಡುಬಂತು. ಚಾವನ್ನು ಹದಿನೈದು ನಿಮಿಷ ಯಾರೂ ಇಟ್ಟುಕೊಳ್ಳುವುದಿಲ್ಲ ಎನ್ನಬಹುದು. ಸರಿ. ಆದರೆ ದಿನಕ್ಕೆ ನಾಲ್ಕು ಸಲ ಕುಡಿಯುವ ಡ್ರೈವರು, ಕಂಡಕ್ಟರು, ಅಂಗಡಿ ಕೂಲಿಯವರು ಇದನ್ನು ಒಂದು ಸಲವಾದರೂ ಯೋಚಿಸಬೇಕಾಗಿದೆ.

ಹಾಗೆಂದು ಮಣ್ಣಿನ ಕಪ್ಪು ಒಗೆದ ಮರುದಿನವೇ ಮಣ್ಣಾಗಿ ಹೋಗುತ್ತದೆ ಎನ್ನುವ ಮಾತೂ ಸುಳ್ಳೇ. ನಮ್ಮ ವಡಗಾಂವ-ಮಾಧವಪುರದಲ್ಲಿ ನೆಲ ಅಗೆದವರಿಗೆ ಶಾತವಾಹನರ ಕಾಲದ ಮಡಿಕೆ ಚೂರುಗಳು ಹಾಗೇ ಸಿಕ್ಕಿವೆ. ಸುಟ್ಟ ಮಣ್ಣು ಸಾವಿರಾರು ವರ್ಷ ಬಾಳುತ್ತದೆ. ವ್ಯತ್ಯಾಸ ಇಷ್ಟೇ: ಅದು ಗಟಾರದಲ್ಲಿ ಬಿದ್ದರೂ ವಿಷ ಬಿಡುವುದಿಲ್ಲ, ದನ ನುಂಗುವುದಿಲ್ಲ. ಪುಡಿ ಮಾಡಿದರೆ ಹೂವಿನ ಕುಂಡಕ್ಕಾದರೂ ಆಗುತ್ತದೆ. ಆದರೂ ಸೌದೆ, ಕೆರೆಯ ಮಣ್ಣು ಎರಡೂ ಖರ್ಚಾಗುವುದರಿಂದ, ಅಂಗಡಿಯಲ್ಲೇ ನಿಂತು ಕುಡಿಯುವವರಿಗೆ ಬಿಸಿನೀರಲ್ಲಿ ಚೆನ್ನಾಗಿ ತೊಳೆದ ಗಾಜಿನ ಗ್ಲಾಸೇ ಒಳ್ಳೆಯದು. ಮಣ್ಣಿನ ಕಪ್ಪು ಬೇಕಾದದ್ದು ಪೇಪರ್ ಕಪ್ಪಿನ ಜಾಗಕ್ಕೆ, ಗ್ಲಾಸಿನ ಜಾಗಕ್ಕಲ್ಲ.

ಅಂಗಡಿಕಾರರ ಲೆಕ್ಕ

ಈಗ ಗಲ್ಲಾಪೆಟ್ಟಿಗೆಯ ಮಾತಿಗೆ ಬರೋಣ. ಪೇಪರ್ ಕಪ್ಪಿಗಿಂತ ಮಣ್ಣಿನ ಕಪ್ಪಿಗೆ ಎರಡು ರೂಪಾಯಿ ಹೆಚ್ಚು ಬೀಳುತ್ತದೆ ಎಂದೇ ಹಿಡಿಯಿರಿ. ದಿನಕ್ಕೆ 300 ಚಾ ಮಾರುವ ಅಂಗಡಿಗೆ 600 ರೂಪಾಯಿ, ತಿಂಗಳಿಗೆ 18,000 ರೂಪಾಯಿ ಹೊರೆ. "ಇಷ್ಟು ಕೊಟ್ಟು ನಾ ಮನಿಗೆ ಏನ್ ಒಯ್ಲಿ?" ಎಂದು ಅಂಗಡಿಕಾರ ಕೇಳಿದರೆ ತಪ್ಪೇನು?

ಆದರೆ ಎಲ್ಲ ಚಾವನ್ನೂ ಮಣ್ಣಿನ ಕಪ್ಪಿನಲ್ಲೇ ಕೊಡಬೇಕೆಂದು ಹೇಳಿದವರು ಯಾರು? ಮುನ್ನೂರರಲ್ಲಿ ಐವತ್ತು ಗಿರಾಕಿ ಮೂರು ರೂಪಾಯಿ ಹೆಚ್ಚು ಕೊಟ್ಟು ಕುಡಿದರೆ ಅಂಗಡಿಗೆ ನಷ್ಟವಿಲ್ಲ, ದಿನಕ್ಕೆ ಐವತ್ತು ರೂಪಾಯಿ ಲಾಭವೇ. ಕುಂಬಾರನಿಗೆ ಆ ಒಂದು ಅಂಗಡಿಯಿಂದ ತಿಂಗಳಿಗೆ 1,500 ಕಪ್ಪಿನ ಆರ್ಡರು. ಅಂಥ 20 ಅಂಗಡಿ ಕೂಡಿದರೆ 30,000. ಒಂದೆರಡು ಮನೆ ಒಲೆ ಉರಿಯಲು ಇದು ಸಣ್ಣ ಮಾತಲ್ಲ.

ಉಳಿದದ್ದು ಮಳೆಗಾಲದ ಪ್ರಶ್ನೆ. ನಾಲ್ಕು ತಿಂಗಳಿಗೆ ಒಂದು ಅಂಗಡಿಗೆ 6,000 ಕಪ್ಪು ಮೊದಲೇ ಮಾಡಿ ಇಡಬೇಕು. ಕಪ್ಪಿಗೆ ಮೂರು ರೂಪಾಯಿ ಧಾರಣೆಯಂತೆ ಹಿಡಿದರೆ 18,000 ರೂಪಾಯಿ ಬೇಸಿಗೆಯಲ್ಲೇ ಹೂಡಬೇಕು. ಒಂಟಿ ಅಂಗಡಿಗೆ ಇದು ಭಾರ, ಬಡ ಕುಂಬಾರನಿಗೆ ಇನ್ನೂ ಭಾರ. ಆದರೆ ಬಸ್ ಸ್ಟ್ಯಾಂಡಿನ ಸುತ್ತಲಿನ ಅಂಗಡಿಯವರು ಕೂಡಿ ಮಾರ್ಚ್ ತಿಂಗಳಲ್ಲೇ ಮುಂಗಡ ಕೊಟ್ಟು, ಒಣಗಿದ ಒಂದು ಗೋದಾಮು ಹಿಡಿದರೆ ಆಗದ ಕೆಲಸವೇ? ಸಕ್ಕರೆ ಮೂಟೆ ತುಟ್ಟಿಯಾಗುವ ಮೊದಲೇ ತಂದಿಡುವ ಜಾಣರಿಗೆ ಕಪ್ಪು ತಂದಿಡಲು ಬರುವುದಿಲ್ಲವೇ?

ಅಂಗಡಿಯವರ ಇನ್ನೊಂದು ದೂರು ಅಳತೆಯದು. "ಒಂದು ಕಪ್ಪಿಗಿ ಒಂದು ನಮೂನಿ. ಗಿರಾಕಿ ಜಗಳಾ ತಗೀತಾನ" ಎನ್ನುತ್ತಾರೆ. ಇದಕ್ಕೂ ಕಾರಣ ಉಂಟು. ಹಸಿ ಕಪ್ಪು ಒಣಗಿ ಸುಟ್ಟ ಮೇಲೆ ಎತ್ತರ-ಅಗಲ ಎಲ್ಲ ಕಡೆಯೂ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗಿದರೆ, ಅದು ಹಿಡಿಯುವ ಚಾ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ತಿಗರಿಯ ಮೇಲೆ ಅಳತೆ ಕಡ್ಡಿ ಇಟ್ಟುಕೊಂಡು, ಸುಟ್ಟ ಮೇಲಿನ ಲೆಕ್ಕ ಹಿಡಿದು ಮಾಡಿದರೆ ಈ ಜಗಳ ಬಹುಪಾಲು ತೀರುತ್ತದೆ.

ಮಣ್ಣಿನ ವಿಷಯ: ಕುಂಬಾರರು ತಮ್ಮ ರೂಢಿಯಂತೆ ಮಡಿಕೆ, ಹಣತೆ, ಗೊಂಬೆಗಳಿಗಾಗಿ ಕೈಯಿಂದ ಅಗೆದು ತೆಗೆಯುವ ಸಾದಾ ಮಣ್ಣಿಗೆ ಪರಿಸರ ಪರವಾನಗಿ ಬೇಕಾಗಿಲ್ಲ ಎಂದು ಕೇಂದ್ರ ಪರಿಸರ ಮಂತ್ರಾಲಯ 2016ರ ಜನವರಿ 15ರ ಅಧಿಸೂಚನೆಯಲ್ಲೇ ಹೇಳಿದೆ. ಕೆರೆ ದಂಡೆಯಲ್ಲಿ ಬುಟ್ಟಿ ಹಿಡಿದವನನ್ನು ಜೆಸಿಬಿ ತಂದವನ ಸಾಲಿಗೆ ಸೇರಿಸುವ ಮೊದಲು ಸಂಬಂಧಪಟ್ಟವರು ಅದನ್ನು ಒಮ್ಮೆ ಓದುವುದು ಒಳ್ಳೆಯದು.

ಕೊಳ್ಳುವ ಮುನ್ನ ಬಾರಿಸಿ ನೋಡಿ

ಮನೆಗೆ ಒಯ್ಯುವವರಿಗೂ ನಾಲ್ಕು ಮಾತು. ಕಪ್ಪನ್ನು ಬೆರಳಿನಿಂದ ಬಾರಿಸಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ, ದಪ್ಪ್ ಎಂದರೆ ಅರೆಬೆಂದದ್ದು ಅಥವಾ ಬಿರುಕು ಬಿಟ್ಟದ್ದು. ಮಡಿಕೆ ಬಾರಿಸಿದ ನಾದಕ್ಕೆ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹೊಸ ಕಪ್ಪನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿಸಿ ತೊಳೆದರೆ ಧೂಳು ಹೋಗುತ್ತದೆ, ಚಾ ಹೀರುವುದೂ ಕಡಿಮೆಯಾಗುತ್ತದೆ. ಹೊಳಪಿಲ್ಲದ ಸಾದಾ ಕಪ್ಪಿನ ಮೈತುಂಬ ಸಣ್ಣ ತೂತು, ಹಾಲಿನ ಅಂಶ ಒಳಗೆ ಕೂರುತ್ತದೆ. ಅದನ್ನು ತೊಳೆದು ಇನ್ನೊಬ್ಬರಿಗೆ ಕೊಡಬಾರದು. ಒಳಗೆ ಪೇಂಟ್ ಹಚ್ಚಿದ ಮಿರಮಿರ ಮಿಂಚುವ ಕಪ್ಪು ಶೋಕೇಸಿಗೆ ಇರಲಿ, ಬಾಯಿಗೆ ಬೇಡ.

ಕೈಯಿಂದ ಮಾಡಿದ ಚಾ ಬಟ್ಟಲಿಗೆ ಮರ್ಯಾದೆ ಕೊಡುವುದನ್ನು ಜಪಾನಿನವರಿಂದ ನೋಡಿ ಕಲಿಯಬೇಕು. ಕ್ಯೋತೋ ನಗರದ ದೈತೊಕುಜಿ ಮಠದಲ್ಲಿ "ಕಿಜಾಯೆಮೊನ್" ಎಂಬ ಹಳೆಯ ಬಟ್ಟಲೊಂದಿದೆ. ಕೊರಿಯಾದ ಹೆಸರಿಲ್ಲದ ಕುಂಬಾರನೊಬ್ಬ ಬಡವರ ಊಟಕ್ಕೆಂದು ಮಾಡಿದ ಸಾದಾ ಬಟ್ಟಲು ಅದೆಂದು ಬಲ್ಲವರು ಹೇಳುತ್ತಾರೆ. ಮೈ ಸೊಟ್ಟ, ಬಣ್ಣ ಮಾಸಲು. ಇಂದು ಅದು ಜಪಾನಿನ ರಾಷ್ಟ್ರೀಯ ನಿಧಿ! ನಮ್ಮವರ ಕಪ್ಪನ್ನು ಯಾರೂ ಮಠದಲ್ಲಿ ಇಡಬೇಕಾಗಿಲ್ಲ. ಮೂರು ರೂಪಾಯಿ ಹೆಚ್ಚು ಕೊಟ್ಟು ಚಾ ಕುಡಿದರೆ ಸಾಕು.

ಹೊರಡುವಾಗ ಕಾಕಾ ಅವರನ್ನು ಕೇಳಿದೆವು: "ಬರೋ ಬ್ಯಾಸಗಿಗೆ ಎಲ್ಲಾರೂ ಕೂಡಿ ಮುಂಗಡ ಕೊಡ್ತೀರೇನ್ರೀ?"

"ನನ್ನ ಪಾಲಿಂದು ನಾ ಕೊಡ್ತೇನಿ. ಬಾಜೂದವರನ್ನ ಕೇಳ್ರಿ" ಅಂದರು.

ಬಾಜೂದ ಅಂಗಡಿಯವರೇ, ಈ ಪತ್ರಿಕೆ ನಿಮ್ಮ ಕೈಗೂ ಬಂದಿರಬೇಕಲ್ಲ. ಏನಂತೀರಿ?